ಏಳುವವರ ಸಾಲು, ಕೂರುವವರ ಸಾಲು

ನಮ್ಮೂರಿನ ವಿಮಾನಕ್ಕೆ ಮೊದಲ ಸಲ ಟಿಕೆಟ್ ಕೊಳ್ಳಲು ಹೋದರೆ ಕಿಟಕಿಯ ಹಿಂದಿನ ಗುಮಾಸ್ತ ನಿಮ್ಮ ಹೆಸರು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತಾನೆ. "ಯಾರಾದ್ರೂ ವಿಮಾನ ಅಪಹರಿಸಿದ್ರೆ ತಿರುಗಿ ಬೀಳೋಕೆ ಏಳ್ತೀರೋ, ಸುಮ್ನೆ ಕೂರ್ತೀರೋ?" ಏಳುತ್ತೇನೆ ಎಂದವರಿಗೆ ಎಡಗಡೆಯ ಸೀಟು, ಕೆಂಪು ಟಿಕೆಟ್. ಕೂರುತ್ತೇನೆ ಎಂದವರಿಗೆ ಬಲಗಡೆಯ ಸೀಟು, ಹಸಿರು ಟಿಕೆಟ್. ಹನ್ನೆರಡು ಜನ ಅತ್ತ, ಹನ್ನೆರಡು ಜನ ಇತ್ತ, ನಡುವೆ ಒಬ್ಬರು ಅಡ್ಡ ತಿರುಗಿ ನಡೆಯುವಷ್ಟು ಓಣಿ. ಹದಿನೆಂಟು ತುಂಬಿದಾಗ ಒಮ್ಮೆ ಹೇಳಿದ ಉತ್ತರವೇ ಕೊನೆತನಕ. ಬದಲಾಯಿಸಬೇಕೆಂದರೆ ಅರ್ಜಿ ಕೊಡಬಹುದು ಎಂದು ಗೋಡೆಯ ಮೇಲೆ ಬರೆದಿದ್ದಾರೆ, ಆದರೆ ಹಾಗೆ ಅರ್ಜಿ ಕೊಟ್ಟವರನ್ನು ನಾನಂತೂ ಕಂಡಿಲ್ಲ.

ಹಾಗಂತ ನಮ್ಮ ವಿಮಾನವನ್ನು ಯಾರೂ ಅಪಹರಿಸಿರಲಿಲ್ಲ. ನಲವತ್ತು ವರ್ಷದಿಂದ ಪ್ರತಿ ಗುರುವಾರ ಬೆಳಿಗ್ಗೆ ಹಿನ್ನೀರು ದಾಟಿ ಆಚೆ ಪಟ್ಟಣಕ್ಕೆ ಹೋಗುತ್ತದೆ, ಶುಕ್ರವಾರ ಬರುತ್ತದೆ, ಅಷ್ಟೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಆ ಕುಲಾವಿ ಹೊಲಿದವಳು ನಾನೇ. ನಾನು ಈ ಊರಿನ ದರ್ಜಿ, ಹೆಸರು ಸಿದ್ದಾಜಮ್ಮ. ಏಳುವವರ ಅಂಗಿಗೆ ಕಂಕುಳಲ್ಲಿ ಎರಡು ಬೆರಳು ಹೆಚ್ಚು ಬಟ್ಟೆ ಬಿಡಬೇಕು, ಹೊತ್ತು ಬಂದಾಗ ಕೈ ಬೀಸುವುದಕ್ಕೆ. ಕೂರುವವರ ಪ್ಯಾಂಟಿಗೆ ಹಿಂಭಾಗದಲ್ಲಿ ಎರಡು ಪದರ ಹಾಕಬೇಕು, ಎಷ್ಟು ದಿನ ಕೂರಿಸುತ್ತಾರೋ ಯಾರಿಗೆ ಗೊತ್ತು. ಅಳತೆ ತೆಗೆಯುವಾಗ ನಾನು ಬಾಯಿ ಬಿಟ್ಟು ಕೇಳುವುದೂ ಇಲ್ಲ. ಎದೆ ಉಬ್ಬಿಸಿ ನಿಂತರೆ ಕೆಂಪು, ಹೊಟ್ಟೆ ಸಡಿಲ ಬಿಟ್ಟು ನಿಂತರೆ ಹಸಿರು.

ವಾದ ಮಾತ್ರ ಒಂದು ದಿನವೂ ನಿಂತಿಲ್ಲ. ಕೆಂಪಿನವರು ಹೇಳುತ್ತಾರೆ, ಅವನು ಒಬ್ಬ, ನಾವು ಇಪ್ಪತ್ತನಾಲ್ಕು, ಒಬ್ಬೊಬ್ಬರು ಒಂದೊಂದು ಚಪ್ಪಲಿ ಎಸೆದರೂ ಸಾಕು, ಕುರಿಗಳ ಹಾಗೆ ಕೂತರೆ ಕುರಿಗಳಿಗಾದದ್ದೇ ಆಗುತ್ತದೆ ಎಂದು. ಹಸಿರಿನವರು ಹೇಳುತ್ತಾರೆ, ಆಕಾಶವೇನು ಗರಡಿಮನೆಯಾ, ಅವನಿಗೂ ಹಸಿವಾಗುತ್ತದೆ, ಅವನೂ ಎಲ್ಲೋ ಒಂದು ಕಡೆ ಇಳಿಯಲೇಬೇಕು, ಇಳಿದ ಮೇಲೆ ಮಾತಾಡಿಕೊಂಡರಾಯಿತು ಎಂದು. ಹಜಾಮರ ಅಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವರು ಈ ಮಾತಿಗೆ ಎದ್ದು ಹೋದದ್ದುಂಟು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುವ ಮೊದಲೇ ಟಿಕೆಟ್ಟಿನ ಬಣ್ಣ ಕೇಳುತ್ತಾರೆ. ಕೆಂಪಿನವರ ಮನೆಗೆ ಹಸಿರಿನ ಹೆಣ್ಣು ಬರುವುದಿಲ್ಲ, ಹಸಿರಿನವರ ಮನೆಗೆ ಕೆಂಪಿನ ಹೆಣ್ಣು ಹೋಗುವುದಿಲ್ಲ.

ನಾನೊಬ್ಬಳು ಹೋದೆ. ನಾನು ಹಸಿರು, ನಮ್ಮವರು ಕೆಂಪು. ಅವರ ಹೆಸರು ಮರಿಸ್ವಾಮಿ. ಅಂಗಿ ಹೊಲಿಸಲು ಬಂದವರು, ಕಂಕುಳು ಬಿಗಿಯಾಯಿತು ಎಂದು ನಾಲ್ಕು ಸಲ ವಾಪಸ್ ತಂದರು. ಐದನೇ ಸಲ ನಾನೇ, "ಬಿಗಿಯಾಗಿರೋದು ಅಂಗಿಯಲ್ಲ ಅನ್ಸುತ್ತೆ, ನೆಟ್ಟಗೆ ಹೇಳಿ" ಎಂದೆ. ಹೇಳಿದರು. ಎರಡೂ ಮನೆಯವರು ಕುಣಿದಾಡಿದರು, ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಟಿಕೆಟ್ ಬದಲಾಯಿಸು ಎಂದು ಕೇಳಬಾರದು. ಮೂವತ್ತೊಂದು ವರ್ಷ ಕೇಳಲಿಲ್ಲ. ಬಟ್ಟೆ ತರಲು ಇಬ್ಬರೂ ಆಚೆ ಪಟ್ಟಣಕ್ಕೆ ಹೋಗುವಾಗ ನಾನು ಓಣಿಯ ಈಚೆ, ಅವರು ಆಚೆ. ನಡುವೆ ಬುತ್ತಿ ಡಬ್ಬಿ ಹೋಗುತ್ತಿತ್ತು, ಬರುತ್ತಿತ್ತು.

ಹೋದ ಬೇಸಿಗೆಯಲ್ಲಿ ಇವರಿಗೆ ಎದೆನೋವು ಬಂತು. ಮೂರು ಮೆಟ್ಟಿಲು ಹತ್ತಿದರೆ ಮುಖ ಬೂದಿಯಾಗುತ್ತಿತ್ತು. ಆಚೆ ಪಟ್ಟಣದ ಡಾಕ್ಟರು ಕಾಗದದ ಮೇಲೆ ಹೃದಯ ಬರೆದು, ಎರಡು ಕಡೆ ಗೀಟು ಎಳೆದು, ಇಲ್ಲಿ ಕಟ್ಟಿಕೊಂಡಿದೆ ಅಂದರು. ಆಪರೇಷನ್ನಿಗೆ ಮೂರು ತಿಂಗಳು ಬಿಟ್ಟು ಒಂದು ಶುಕ್ರವಾರ ಬೆಳಿಗ್ಗೆ ದಿನ ಕೊಟ್ಟರು. "ಅಲ್ಲಿವರೆಗೆ ಜಗಳ ಬೇಡ, ಗಾಬರಿ ಬೇಡ, ದಡಕ್ಕನೆ ಏಳೋದು ಬೇಡ. ಎದ್ದು ಏನಾದರೂ ಎಳೆದಾಡಿದಿರೋ, ಆಮೇಲೆ ನನ್ನನ್ನ ಕೇಳಬೇಡಿ" ಎಂದರು.

ಆಪರೇಷನ್ನಿನ ಹಿಂದಿನ ದಿನದ, ಗುರುವಾರದ ಟಿಕೆಟ್ ತೆಗೆಯುವ ಹೊತ್ತಿಗೆ ನಾನು ಷರತ್ತು ಮುರಿದೆ. "ರೀ, ಅರ್ಜಿ ಕೊಟ್ಟು ಈ ಒಂದು ಸಲ ಹಸಿರು ತಗೊಳ್ಳಿ. ನನ್ನ ಪಕ್ಕ ಕೂತ್ಕೊಳ್ಳಿ" ಎಂದೆ.

ಅವರು ಓದುತ್ತಿದ್ದ ಪೇಪರ್ ಮಡಚಿದರು. "ನಮ್ಮಪ್ಪ ಕೆಂಪು, ಅವರಪ್ಪ ಕೆಂಪು. ಭಾನುವಾರ ನಮ್ಮ ಕೆಂಪಿನವರ ಕವಾಯತಿನಲ್ಲಿ ನಾಯಕ ಉಗ್ರಪ್ಪ ಬಿಟ್ರೆ ಮುಂದಿನವನು ನಾನು. ಎದೆ ನೋಯ್ತದೆ ಅಂತ ಬಣ್ಣ ಬದಲಾಯಿಸಿದ ಅನ್ನಿಸ್ಕೊಳ್ಲಾ?"

"ಅನ್ನಿಸ್ಕೊಂಡ್ರೆ ಏನು ಸವೆದುಹೋಗ್ತೀರಾ?"

"ನೀನು ಮಾತು ಕೊಟ್ಟಿದ್ದೆ, ಸಿದ್ದಿ."

"ಕೊಟ್ಟಿದ್ದೆ. ಈಗ ವಾಪಸ್ ತಗೊಂಡೆ."

ಅಲ್ಲಿಂದ ಒಂಬತ್ತು ದಿನ ನಾವು ಮಾತಾಡಲಿಲ್ಲ. ಊಟ ಬಡಿಸಿದೆ, ಮಾತ್ರೆ ಎಣಿಸಿಟ್ಟೆ, ಬಾಯಿ ಮಾತ್ರ ಬಿಡಲಿಲ್ಲ. ಅವರು ಹೋಗಿ ಕೆಂಪು ಟಿಕೆಟ್ಟನ್ನೇ ತಂದರು. ನಲವತ್ತು ವರ್ಷದಲ್ಲಿ ಯಾರೂ ಅಪಹರಿಸದ ವಿಮಾನವನ್ನು ಈ ಗುರುವಾರವೇ ಅಪಹರಿಸುತ್ತಾರಾ, ಸುಮ್ಮನೆ ರಂಪ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಅವರ ಮಾತ್ರೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಹೊರಟೆ.

ವಿಮಾನದಲ್ಲಿ ನನ್ನದು ನಾಲ್ಕನೇ ಸಾಲು, ಓಣಿಯ ಪಕ್ಕದ ಸೀಟು. ಓಣಿಯ ಆಚೆ ನಮ್ಮವರು, ಮುಖ ಅತ್ತ ತಿರುಗಿಸಿಕೊಂಡು. ಅವರ ಮುಂದಿನ ಸೀಟಿನಲ್ಲಿ ಉಗ್ರಪ್ಪ. ಮೀಸೆ ತೀಡಿ, ಕಂಕುಳು ಸಡಿಲದ ಅಂಗಿ ಹಾಕಿ, ತನ್ನ ದಂಡಿನವರಿಗೆ ಕಣ್ಣಲ್ಲೇ ಎಣಿಕೆ ಹಾಕುತ್ತಿದ್ದ. ನನ್ನ ಈಚೆ ಕಿಟಕಿಯ ಪಕ್ಕ ಮೂವತ್ತು ದಾಟಿದ ಒಬ್ಬ ಯುವಕ, ತೊಡೆಯ ಮೇಲೆ ಎರಡು ಹಗ್ಗ ಬಿಗಿದ ಮರದ ಪೆಟ್ಟಿಗೆ. ಅವನನ್ನು ಊರಿನವರೆಲ್ಲ ಬಲ್ಲರು. ಹೆಸರು ಗುರುಪಾದ. ಅಟ್ಟದಲ್ಲಿ, ಸೂರಿನಲ್ಲಿ ಕಡಜ ಗೂಡು ಕಟ್ಟಿದರೆ ಅವನನ್ನೇ ಕರೆಸುವುದು. ಗೂಡು ಸಮೇತ ಹಿಡಿದು ಆಚೆ ದಡಕ್ಕೆ ಒಯ್ದು ಬಿಡುತ್ತಾನೆ, ಇಲ್ಲೇ ಬಿಟ್ಟರೆ ಮಾರನೇ ದಿನವೇ ವಾಪಸ್ ಬರುತ್ತವಂತೆ. ಪೆಟ್ಟಿಗೆಯೊಳಗೆ ಗುಂಯ್ ಎನ್ನುವ ಸದ್ದು ನನ್ನ ಮೊಣಕೈಗೇ ತಾಗುತ್ತಿತ್ತು.

ದರ್ಜಿಯ ಕಣ್ಣು ಸುಮ್ಮನಿರುತ್ತದೆಯೇ? ಅವನ ಹಳೇ ಅಂಗಿಯ ಕೆಳಗೆ ಹೊಸ ರೇಷ್ಮೆ ಪಂಚೆ, ಅಂಗಡಿಯ ಚೀಟಿ ಇನ್ನೂ ಅಂಚಿಗೆ ಅಂಟಿತ್ತು. ಉಗುರಿನ ಸಂದಿಯಲ್ಲಿ ಅರಿಶಿನ.

"ಮದುವೆಗೆ ಹೊರಟಿದ್ದೀಯೇನಪ್ಪಾ?" ಎಂದೆ.

"ನಂದೇ ಮದುವೆ ಅಕ್ಕಾ," ಎಂದವನ ಕಣ್ಣಲ್ಲಿ ನೀರು ಬಂತು. "ಇವತ್ತೇ. ಹನ್ನೆರಡೂ ಹತ್ತಕ್ಕೆ ಮುಹೂರ್ತ."

"ಅಯ್ಯೋ, ಮತ್ತೆ ಇಲ್ಲೇನ್ ಮಾಡ್ತಿದ್ದೀಯೋ?"

ಶಾಲೆಯ ಸೂರಿನ ಗೂಡು ತೆಗೆಯಲು ಬುಧವಾರ ಬಂದನಂತೆ, ಸಂಜೆಯ ದೋಣಿಗೆ ವಾಪಸ್ ಹೋಗುತ್ತೇನೆಂದು ಅರಿಶಿನ ಹಚ್ಚಿಸಿಕೊಂಡೇ ಬಂದಿದ್ದನಂತೆ. ದೋಣಿ ಕೆಟ್ಟಿತು. ಸುತ್ತು ದಾರಿಯಲ್ಲಿ ಹೋದರೆ ಎರಡು ದಿನ. ವಿಮಾನ ಮಾತ್ರ ಹಿನ್ನೀರಿನಾಚೆಯ ಅವನ ಊರಿನ ನೆತ್ತಿಯ ಮೇಲೇ ಹಾರಿ ಹೋಗುತ್ತದೆ, ಇಳಿಯುವುದಿಲ್ಲ. ಬೆಳಿಗ್ಗೆ ಪೈಲಟ್ ಕ್ಯಾಪ್ಟನ್ ಸಯೀದರ ಕಾಲು ಹಿಡಿದನಂತೆ. ಅವರು, "ನಡುವೆ ಇಳಿಸೋಕೆ ನಿಯಮ ಇಲ್ಲಪ್ಪ" ಎಂದರಂತೆ.

ನನ್ನ ಬಾಯಿಗೆ ಬೀಗವಿಲ್ಲ. ಒಂಬತ್ತು ದಿನ ಮಾತಾಡದೆ ತುಂಬಿಕೊಂಡದ್ದು ಬೇರೆ. ಓಣಿಯಾಚೆ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ: "ಕೈ ಮುಗಿದು ಕೇಳಿದ್ರೆ ಈ ಕಾಲದಲ್ಲಿ ಯಾರಪ್ಪಾ ಕೇಳ್ತಾರೆ? ಹೆದರಿಸಿದ್ರೆ ಕೇಳ್ತಾರೆ." ನಾನು ಹೇಳಿದ್ದು ನಮ್ಮವರಿಗೆ. ಗುರುಪಾದ ತನಗೆ ಎಂದುಕೊಂಡ.

ಅವನು ಎದ್ದ. ಪೆಟ್ಟಿಗೆಯನ್ನು ತನ್ನ ಸೀಟಿನ ಮೇಲೆ ಇಟ್ಟು, ಒಂದು ಹಗ್ಗ ಬಿಚ್ಚಿ, ಇನ್ನೊಂದರ ತುದಿ ಹಿಡಿದುಕೊಂಡು ನನ್ನ ಮೊಣಕಾಲು ದಾಟಿ ಓಣಿಗೆ ಬಂದ. ಆ ಹಗ್ಗ ನನ್ನ ಮಡಿಲ ಮೇಲೆ ಹಾದು ಅವನ ಕೈ ಸೇರಿತ್ತು. ಎಳೆದರೆ ಬಿಚ್ಚಿಕೊಳ್ಳುವ ಗಂಟು.

"ಎಲ್ಲರೂ ಕೇಳಿ," ಎಂದ. "ವಿಮಾನ ನಮ್ಮೂರಲ್ಲಿ ಇಳೀಬೇಕು. ಇಲ್ಲಾಂದ್ರೆ ಹಗ್ಗ ಎಳೀತೀನಿ. ಇನ್ನೂರು ಕಡಜ ಐತೆ."

ಮೊದಲು ಬಾಯಿ ಬಿಟ್ಟವರು ಹಸಿರಿನವರು, ಕಡಜಕ್ಕೆ ಹೆದರಿ ಅಲ್ಲ. "ಏಯ್, ಇವನು ಕೂರೋ ಟಿಕೆಟ್ ತಗೊಂಡು ಎದ್ದಿದ್ದಾನಲ್ರೀ!" ಎಂದು ಹಿಂದಿನ ಸೀಟಿನವರು ಕೂಗಿದರು. "ನಮ್ಮ ಸಾಲಿನ ಮಾನ ಕಳೆದ! ಅಪಹರಿಸೋನು ಕೆಂಪಲ್ಲಿ ಕೂತ್ಕೋಬೇಕಿತ್ತು!" ಗಗನಸಖಿ ಫಿಲೋಮಿನ ಟ್ರೇ ಕೆಳಗಿಟ್ಟು ಓಡಿ ಬಂದಳು. ಅವಳು ಕೇಳಿದ ಮೊದಲ ಮಾತು, "ನಿಮ್ಮ ಟಿಕೆಟ್ ತೋರಿಸಿ." ಗುರುಪಾದ ಒಂದು ಕೈಯಲ್ಲಿ ಹಗ್ಗ ಹಿಡಿದೇ ಇನ್ನೊಂದು ಕೈಯಲ್ಲಿ ಜೇಬು ತಡಕಾಡಿ ತೋರಿಸಿದ. "ನೋಡಿ, ಹಸಿರು. ಹಸಿರಿನವರು ಏಳಂಗಿಲ್ಲ, ಕೂತ್ಕೊಳ್ಳಿ," ಎಂದಳು. ಅವನು ಪಾಪ, ಒಂದು ಕ್ಷಣ ಕೂರಲೂ ಹೊರಟ.

ಕೆಂಪಿನವರ ಗತಿ ಇನ್ನೂ ಕೆಟ್ಟಿತ್ತು. ಪ್ರತಿ ಭಾನುವಾರ ಶಾಲೆಯ ಮೈದಾನದಲ್ಲಿ ಬೆಂಚು ಜೋಡಿಸಿ ಕವಾಯತು ಮಾಡುತ್ತಾರೆ. ಅಲ್ಲಿ ಅಪಹರಣಕಾರ ಯಾವಾಗಲೂ ಕರೀ ಟವಲ್ ಸುತ್ತಿಕೊಂಡು ಮುಂದಿನ ಬಾಗಿಲಿನಿಂದ ಬರುತ್ತಾನೆ. ಇವನು ನಡುವಿನ ಸಾಲಿನಿಂದ, ಅದೂ ಬಲಗಡೆಯಿಂದ, ರೇಷ್ಮೆ ಪಂಚೆಯಲ್ಲಿ ಎದ್ದಿದ್ದ. "ಉಗ್ರಪ್ಪ, ಈಗ ಒಂದನೇ ಸಾಲಿನವರು ಮೊದಲು ಏಳ್ಬೇಕೋ, ಆರನೇ ಸಾಲಿನವರೋ?" ಎಂದು ಹಿಂದಿನಿಂದ ಒಬ್ಬ ಕೇಳಿದ. "ಮುಂದಿಂದ ಬಂದ್ರೆ ಒಂದನೆಯವರು," ಎಂದ ಉಗ್ರಪ್ಪ. "ಇವನು ಮುಂದಿಂದ ಬಂದಿಲ್ಲವಲ್ಲ?" "ಅದನ್ನೇ ಯೋಚಿಸ್ತಿದೀನಿ." ಯೋಚಿಸುತ್ತಲೇ ಸೀಟಿನ ಪಟ್ಟಿಯನ್ನು ಇನ್ನೊಂದು ತೂತು ಬಿಗಿ ಮಾಡಿಕೊಂಡ. ಉತ್ತರನ ಪೌರುಷ ಒಲೆ ಮುಂದೆ ಎಂದು ಸುಮ್ಮನೆ ಹೇಳಿದ್ದಾರಾ? ಆದರೆ ಬೈಯುವುದೂ ತಪ್ಪು. ಇನ್ನೂರು ಕಡಜ ಎಂದರೆ ಯಾರಿಗೆ ಭಯವಾಗುವುದಿಲ್ಲ? ನನಗೂ ಆಗಿತ್ತು. ಆದರೆ ನನ್ನ ಕಣ್ಣು ಹಗ್ಗದ ಮೇಲೆ ಇರಲಿಲ್ಲ, ಓಣಿಯಾಚೆ ಇತ್ತು.

ನಮ್ಮವರು ಪಟ್ಟಿ ಬಿಚ್ಚುತ್ತಿದ್ದರು.

"ರೀ, ಬೇಡ," ಎಂದೆ. ಒಂಬತ್ತು ದಿನದ ಮೇಲೆ ಅವರ ಮುಖ ನೋಡಿ ಹೇಳಿದ ಮೊದಲ ಮಾತು ಅದು. "ರೀ, ನಿಮ್ಮ ದಮ್ಮಯ್ಯ, ಏಳಬೇಡಿ."

ಅವರು ಎದ್ದರು. ಎಡಗೈಯನ್ನು ಎದೆಗೆ ಒತ್ತಿ ಹಿಡಿದಿದ್ದರು. ಹಣೆಯ ಮೇಲೆ ಬೆವರಿನ ಹನಿ, ತುಟಿ ಒಣಗಿ ಬಿಳಿಚಿಕೊಂಡಿತ್ತು. ಹನ್ನೊಂದು ಜನ ಕೆಂಪಿನವರಲ್ಲಿ ಒಬ್ಬರೂ ಏಳಲಿಲ್ಲ, ಎದೆಯಲ್ಲಿ ಎರಡು ನಾಳ ಕಟ್ಟಿಕೊಂಡ ಈ ಮನುಷ್ಯ ಎದ್ದು ನಿಂತರು.

"ಮಗಾ, ಹಗ್ಗ ಕೊಡು," ಎಂದು ಗುರುಪಾದನ ಹೆಗಲ ಮೇಲೆ ಕೈ ಇಟ್ಟರು. ಹೊಡೆಯುವ ಕೈ ಅಲ್ಲ ಅದು, ಆಸರೆಗೆ ಹಿಡಿದ ಕೈ. ಆದರೆ ಹಿಂದಿನಿಂದ ಬಂದ ಕೈಗೆ ಗುರುಪಾದ ಬೆಚ್ಚಿಬಿದ್ದ. ಬೆಚ್ಚಿದವನು ಎಳೆದ. ನನ್ನ ಮಡಿಲ ಮೇಲಿನ ಹಗ್ಗ ಸರ್ರನೆ ಜಾರಿ ಹೋಯಿತು, ಪೆಟ್ಟಿಗೆಯ ಮುಚ್ಚಳ ಎರಡು ಬೆರಳು ಎದ್ದಿತು.

ಆಗ ನಾನು ಏನು ಮಾಡಿದೆ ಎಂಬುದರ ಬಗ್ಗೆ ಊರಿನಲ್ಲಿ ಇಂದಿಗೂ ಒಮ್ಮತವಿಲ್ಲ. ಎದ್ದಳು ಎಂದು ಕೆಂಪಿನವರು, ಪಕ್ಕಕ್ಕೆ ಸರಿದಳು ಅಷ್ಟೇ ಎಂದು ಹಸಿರಿನವರು. ನನಗೆ ಗೊತ್ತಿರುವುದು ಇಷ್ಟು: ಒಂದು ಕ್ಷಣ ಮೊದಲು ನಾನು ನನ್ನ ಸೀಟಿನಲ್ಲಿದ್ದೆ, ಒಂದು ಕ್ಷಣದ ನಂತರ ಆ ಪೆಟ್ಟಿಗೆಯ ಮುಚ್ಚಳದ ಮೇಲೆ ಕೂತಿದ್ದೆ. ನಾನೇನು ಸಣ್ಣ ಆಳಲ್ಲ. ಮುಚ್ಚಳ ಟಪ್ಪೆಂದು ಮುಚ್ಚಿತು. ಕೆಳಗೆ ಇನ್ನೂರು ಕಡಜ ಸಿಟ್ಟಿನಿಂದ ಗುಂಯ್‌ಗುಟ್ಟಿದ್ದು ಬೆನ್ನುಮೂಳೆಯವರೆಗೂ ಬಂತು.

ಒಂದೇ ಒಂದು ಹೊರಗೆ ತಪ್ಪಿಸಿಕೊಂಡಿತ್ತು. ಅದು ವಿಮಾನವನ್ನೆಲ್ಲ ಒಂದು ಸುತ್ತು ಹಾಕಿ, ಸಮಾಧಾನವಾಗಿ ನೋಡಿ, ಉಗ್ರಪ್ಪನ ಕಿವಿಗೆ ಕಚ್ಚಿತು. ಅಯ್ಯಯ್ಯಪ್ಪೋ ಎಂದು ಉಗ್ರಪ್ಪ ಪಟ್ಟಿ ಸಮೇತ ಎದ್ದು ನಿಂತ. ನಾಯಕ ಎದ್ದನಲ್ಲ, ಕೆಂಪಿನವರೆಲ್ಲ ಒಟ್ಟಿಗೆ ಎದ್ದರು. ಪೆಟ್ಟಿಗೆ ಮುಚ್ಚಿದ್ದೂ ಕಾಣಿಸಿತ್ತು, ಧೈರ್ಯ ಎಲ್ಲಿಂದಲೋ ಬಂದಿತ್ತು. ತೋಳು ಮಡಚಿ ಗುರುಪಾದನ ಮೇಲೆ ಬಂದರು. ಅವನು ಓಣಿಯಲ್ಲೇ ಕುಕ್ಕರಿಸಿ, ತಲೆಯ ಮೇಲೆ ಕೈ ಇಟ್ಟುಕೊಂಡು ಅಳುತ್ತಿದ್ದ. ನಮ್ಮವರು ಸೀಟಿನ ಹಿಂಬದಿ ಹಿಡಿದು ನಿಂತಿದ್ದರು. ಈ ನೂಕಾಟದಲ್ಲಿ ಒಂದು ಮೊಣಕೈ ಅವರ ಎದೆಗೆ ತಾಗಿದರೆ ಸಾಕಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನಿಲ್ಲಿ ಎಲ್ಲಾ!" ಎಂದು ಅರಚಿದೆ. "ಯಾರಾದ್ರೂ ಈ ಹುಡುಗನ ಮೈ ಮುಟ್ಟಿದ್ರೆ, ಯಾರಾದ್ರೂ ನನ್ನ ಗಂಡನ್ನ ತಳ್ಳಿದ್ರೆ, ನಾನು ಎದ್ದುಬಿಡ್ತೀನಿ!"

ಎಲ್ಲರ ಕಣ್ಣೂ ನಾನು ಕೂತ ಜಾಗದ ಮೇಲೆ.

ಫಿಲೋಮಿನ ಮೆಲ್ಲಗೆ ಹೇಳಿದಳು. "ಅಮ್ಮಾ, ನೀವು ಹಂಗೆ ಹೇಳಿದ್ರೆ... ಈಗ ವಿಮಾನ ಅಪಹರಿಸ್ತಿರೋರು ನೀವೇ ಆಗ್ತೀರಾ."

"ಹೌದಾ?" ಎಂದೆ. ನಿಜ ಹೇಳುತ್ತೇನೆ, ಅಲ್ಲಿಯತನಕ ನನಗೆ ಹೊಳೆದಿರಲಿಲ್ಲ. "ಆಗ್ಲಿ ಬಿಡು. ಅಪಹರಿಸಿದೀನಿ ಅಂತ ಬರ್ಕೋ."

ಹಸಿರಿನವರಿಗೆ ಸಮಾಧಾನವಾಯಿತು. ಅಪಹರಿಸಿದವರು ಹೇಳಿದ ಹಾಗೆ ಕೇಳಿಕೊಂಡು ಸುಮ್ಮನಿರಬೇಕು ಎಂಬುದೇ ಅವರ ಸಿದ್ಧಾಂತ. ಎಲ್ಲರೂ ಪಟ್ಟಿ ಬಿಗಿದು, ಕೈಕಟ್ಟಿ, ಬಹಳ ಶಿಸ್ತಿನಿಂದ ಕೂತರು. ಕೆಂಪಿನವರು ಪೇಚಿಗೆ ಸಿಕ್ಕಿದರು. "ಉಗ್ರಪ್ಪ, ಈಗ ಇವರ ಮೇಲೆ ತಿರುಗಿ ಬೀಳ್ಬೇಕಲ್ವಾ?" ಎಂದು ಒಬ್ಬ ಕೇಳಿದ. ಉಗ್ರಪ್ಪ ಬದನೆಕಾಯಿಯಾಗಿದ್ದ ಕಿವಿ ಹಿಡಿದುಕೊಂಡು, "ಹೆಂಗೆ ಬೀಳೋದು? ಬಿದ್ರೆ ಎದ್ದುಬಿಡ್ತಾಳೆ," ಎಂದ. ಒಬ್ಬೊಬ್ಬರಾಗಿ ಅವರೂ ಕೂತರು.

ಮುಂದಿನ ಪರದೆ ಸರಿಯಿತು. ಕ್ಯಾಪ್ಟನ್ ಸಯೀದರು ಕತ್ತು ಹಿಂದಕ್ಕೆ ತಿರುಗಿಸಿ, "ಏನಮ್ಮಾ ಬೇಡಿಕೆ?" ಎಂದರು, ಅಂಗಡಿಯಲ್ಲಿ ಕೇಳುವ ಹಾಗೆ.

"ಎರಡಿದೆ. ಮೊದಲನೇದು, ಈ ಹುಡುಗನ್ನ ಅವನೂರಲ್ಲಿ ಇಳಿಸಿ. ಮುಹೂರ್ತಕ್ಕೆ ಮುಂಚೆ."

"ಅಲ್ಲಿ ಒಣಗಿದ ಕೆರೆಯಂಗಳ ಇದೆ, ಗಟ್ಟಿ ನೆಲ. ಆರಾಮಾಗಿ ಇಳಿಸಬಹುದು."

"ಮತ್ತೆ ಬೆಳಿಗ್ಗೆ ಅವನು ಕಾಲಿಗೆ ಬಿದ್ದಾಗ ಆಗಲ್ಲ ಅಂದ್ರಂತೆ?"

"ಕೇಳಿಕೊಂಡವರಿಗೆ ಇಳಿಸೋಕೆ ನಿಯಮ ಇಲ್ಲಮ್ಮ. ಅಪಹರಿಸಿದವರು ಹೇಳಿದ ಕಡೆ ಇಳಿಸೋಕೆ ನಿಯಮ ಇದೆ," ಎಂದರು ಕ್ಯಾಪ್ಟನ್, ತುಂಬ ಗಂಭೀರವಾಗಿ. "ಎರಡನೇದು?"

ನಾನು ಓಣಿಯತ್ತ ತಿರುಗಿದೆ. ನಮ್ಮವರು ಇನ್ನೂ ನಿಂತೇ ಇದ್ದರು. ಇಡೀ ವಿಮಾನದಲ್ಲಿ ಕೂರದ ಪ್ರಯಾಣಿಕರು ಅವರೊಬ್ಬರೇ. ಉಸಿರು ಮೇಲೆ ಮೇಲೆ ಬರುತ್ತಿತ್ತು, ಕಣ್ಣು ನನ್ನ ಮೇಲಿತ್ತು.

"ಎರಡನೇದು, ಈ ಮನುಷ್ಯ ಬಂದು ನನ್ನ ಪಕ್ಕ ಕೂರ್ಬೇಕು," ಎಂದೆ. ನಾನು ಬಿಟ್ಟು ಬಂದ ಓಣಿ ಪಕ್ಕದ ಸೀಟು ಖಾಲಿ ಇತ್ತು. "ಕೂರೋ ತನಕ ನಾನು ಇನ್ನೊಂದು ಮಾತು ಕೇಳಲ್ಲ."

ಎಲ್ಲರೂ ಅವರತ್ತ ನೋಡಿದರು. ಅವರ ತಂದೆ ಕೆಂಪು, ಅಜ್ಜ ಕೆಂಪು. ಅಪಹರಿಸಿದವರ ಮಾತು ಪ್ರಾಣ ಹೋದರೂ ಕೇಳುವುದಿಲ್ಲ ಎಂದು ಹದಿನೆಂಟನೇ ವಯಸ್ಸಿನಲ್ಲಿ ಕಿಟಕಿಯ ಮುಂದೆ ನಿಂತು ಹೇಳಿದ ಮನುಷ್ಯ.

"ಸಿದ್ದಿ," ಎಂದರು. "ನಿನ್ನ ಮೇಲೆ ತಿರುಗಿ ಬೀಳ್ಲೇನೇ ನಾನು?"

"ಬೀಳಿ. ಯಾರು ಬೇಡ ಅಂದ್ರು?" ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದೇ ಬಿಟ್ಟಿತು. ಇಪ್ಪತ್ತಕ್ಕೂ ಹೆಚ್ಚು ಜನರ ಮುಂದೆ, ಕಡಜದ ಪೆಟ್ಟಿಗೆಯ ಮೇಲೆ ಕೂತು, ಮೂಗು ಒರೆಸಿಕೊಳ್ಳುತ್ತಾ ಅತ್ತೆ.

ಅವರು ಒಂದು ಹೆಜ್ಜೆ ಇಟ್ಟು ಓಣಿ ದಾಟಿದರು. ಸೀಟಿನ ತೋಳು ಹಿಡಿದು, ಮೆಲ್ಲಗೆ, ಡಾಕ್ಟರು ಹೇಳಿದ ಹಾಗೆಯೇ ನಿಧಾನವಾಗಿ ಕೂತರು. ನಾನು ಸೆರಗಿನಿಂದ ಅವರ ಹಣೆ ಒರೆಸಿ, ಫಿಲೋಮಿನ ಕೊಟ್ಟ ನೀರಿನಲ್ಲಿ ಮಾತ್ರೆ ನುಂಗಿಸಿದೆ. ಮಣಿಕಟ್ಟು ಹಿಡಿದು ನೋಡಿದರೆ ನಾಡಿ ಹೆದರಿದ ಗುಬ್ಬಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಐದು ನಿಮಿಷ, ಆರು ನಿಮಿಷ. ಆಮೇಲೆ ಸ್ವಲ್ಪ ಇಳಿಯಿತು. ವಿಮಾನವೂ ಇಳಿಯತೊಡಗಿತ್ತು.

"ಅಷ್ಟು ಬೇಡಿಕೊಂಡೆ, ಯಾಕ್ರೀ ಎದ್ರಿ?" ಎಂದೆ. "ಆ ಹಾಳು ಟಿಕೆಟ್ಟಿಗೋಸ್ಕರ ಪ್ರಾಣ ಕೊಡೋಕೆ ಹೊರಟ್ರಲ್ಲ. ಹನ್ನೊಂದು ಜನ ಗಟ್ಟಿಮುಟ್ಟಾದವರು ಕೂತಿದ್ರು."

ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು. "ಟಿಕೆಟ್ ಯಾರಿಗೆ ನೆನಪಿತ್ತೇ? ಪೆಟ್ಟಿಗೆ ನಿನ್ನ ಪಕ್ಕ ಇತ್ತು. ಹಗ್ಗ ನಿನ್ನ ಮಡಿಲ ಮೇಲಿತ್ತು."

ಅವರ ಮಣಿಕಟ್ಟನ್ನು ವಿಮಾನ ನೆಲ ಮುಟ್ಟುವತನಕ ನಾನು ಬಿಡಲಿಲ್ಲ.

ಹನ್ನೊಂದೂ ಐವತ್ತಕ್ಕೆ ವಿಮಾನ ಧೂಳೆಬ್ಬಿಸಿಕೊಂಡು ಕೆರೆಯಂಗಳದಲ್ಲಿ ನಿಂತಿತು. ಅವನೂರಿನವರೆಲ್ಲ ಓಡಿ ಬಂದರು, ಎಲ್ಲರಿಗಿಂತ ಮುಂದೆ ಮದುಮಗಳು, ಬಾಸಿಂಗ ಓರೆಯಾಗಿ, ಸೊಂಟದ ಮೇಲೆ ಕೈ ಇಟ್ಟುಕೊಂಡು. ಗುರುಪಾದ ಅಳು ಒರೆಸಿಕೊಂಡು ನನ್ನ ಕೆಳಗಿನ ಪೆಟ್ಟಿಗೆಯ ಸುತ್ತ ಎರಡು ಹಗ್ಗ ಬಿಗಿದ. "ಅಕ್ಕಾ, ಈಗ ಮೆಲ್ಲಗೆ ಏಳಿ," ಎಂದ. ಎದ್ದೆ. ಕಾಲು ಜೋಮು ಹಿಡಿದಿತ್ತು. ಅವನು ನನ್ನ ಕಾಲಿಗೂ ಬಿದ್ದ, ನಮ್ಮವರ ಕಾಲಿಗೂ ಬಿದ್ದ, ಉಗ್ರಪ್ಪನ ಕಿವಿಗೆ ಹಚ್ಚಲು ಸುಣ್ಣವನ್ನೂ ಕೊಟ್ಟ. ಬಾಗಿಲಲ್ಲಿ ಮದುಮಗಳು, "ಬರೋಕೆ ವಿಮಾನವೇ ಬೇಕಾಯ್ತಾ ಮಹಾರಾಜರಿಗೆ?" ಎಂದಳು. "ಪೆಟ್ಟಿಗೆ ದೂರ ಇಡು, ಆಮೇಲೆ ತಾಳಿ." ವಿಮಾನದವರೆಲ್ಲ, ಎಡಗಡೆಯವರು ಬಲಗಡೆಯವರು ಎನ್ನದೆ, ಕಿಟಕಿಗೆ ಮುಖ ಒತ್ತಿಕೊಂಡು ನಕ್ಕರು. ಅವರ ಕಡೆಯ ಹೆಂಗಸರು ಒಂದು ಬುಟ್ಟಿ ಲಾಡು ಒಳಕ್ಕೆ ತಳ್ಳಿದರು.

ಈಗ ಊರಿನಲ್ಲಿ ಈ ಕಥೆಯನ್ನು ಕೆಂಪಿನವರು ಒಂದು ರೀತಿ ಹೇಳುತ್ತಾರೆ, ಹಸಿರಿನವರು ಇನ್ನೊಂದು ರೀತಿ. ತಿರುಗಿ ಬಿದ್ದದ್ದರಿಂದಲೇ ಬದುಕಿದೆವು ಎಂದು ಅವರು, ಹೇಳಿದ ಹಾಗೆ ಕೇಳಿದ್ದರಿಂದಲೇ ಬದುಕಿದೆವು ಎಂದು ಇವರು. ಆಪರೇಷನ್ ಆಗಿ ಎಂಟು ತಿಂಗಳಾದ ನಮ್ಮವರನ್ನು ಕೇಳಿದರೆ ಮೆಟ್ಟಿಲ ಮೇಲೆ ನಿಂತು ನಗುತ್ತಾರೆ ಅಷ್ಟೇ, ಏದುಸಿರಿಲ್ಲದೆ. ನನ್ನನ್ನು ಕೇಳಿದರೆ, ಆಮೇಲೆ ನಡೆದ ಇನ್ನೊಂದು ಮಾತನ್ನು ಹೇಳುತ್ತೇನೆ.

ವಿಮಾನ ಮತ್ತೆ ಹೊರಟಿತು. ಕಿಟಕಿಯ ಪಕ್ಕದ ಸೀಟಿನಲ್ಲಿ ಪೆಟ್ಟಿಗೆ ಇರಲಿಲ್ಲ, ನಾನು ಬರೀ ಸೀಟಿನ ಮೇಲೆ ಕೂತಿದ್ದೆ. ಹೆದರಿಸಲು ನನ್ನ ಹತ್ತಿರ ಇನ್ನೇನೂ ಉಳಿದಿರಲಿಲ್ಲ. ನಮ್ಮವರು ಎದ್ದು ಓಣಿ ದಾಟಿ ತಮ್ಮ ಸೀಟಿಗೆ ಹೋಗಬಹುದಿತ್ತು. ಕೆಂಪಿನವರೆಲ್ಲ ಅವರತ್ತಲೇ ನೋಡುತ್ತಿದ್ದರು. ನಾನು ಲಾಡು ಕೈಯಲ್ಲಿ ಹಿಡಿದುಕೊಂಡು ತಿನ್ನದೆ ಕೂತೆ.

"ಮರಿಸ್ವಾಮಿ, ಬಾರಯ್ಯ ಈ ಕಡೆ," ಎಂದು ಉಗ್ರಪ್ಪ ಕರೆದ. "ಅಪಹರಣ ಮುಗೀತಲ್ಲ."

ನಮ್ಮವರು ನನ್ನತ್ತ ಒಮ್ಮೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಕವಾಯತಿನ ಧ್ವನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಇಲ್ಲ ಉಗ್ರಪ್ಪ. ಈ ಹೆಂಗಸನ್ನ ನಂಬೋ ಹಂಗಿಲ್ಲ, ಮತ್ತೆ ಯಾವಾಗ ಏನು ಮಾಡ್ತಾಳೋ. ನಮ್ಮವನು ಒಬ್ಬ ಇವಳ ಪಕ್ಕದಲ್ಲೇ ಇರ್ಬೇಕು."

ಹಾಗೆ ಹೇಳಿ ಪಟ್ಟಿ ಬಿಗಿದುಕೊಂಡರು.